ತಾಯಿಯ ರಕ್ತದೊತ್ತಡ, ಮಗುವಿನ ಕಣ್ಣು



ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರನ್ನೂ ಜನರಲ್ ತಿಮ್ಮಯ್ಯನವರನ್ನೂ ದೇಶಕ್ಕೆ ನೀಡಿದ ಈ ಜಿಲ್ಲೆಯಲ್ಲಿ ಸೈನಿಕರಿಲ್ಲದ ಊರು ವಿರಳ. ಲಡಾಖಿನ ಗಡಿಯಿಂದ ರಜೆಯಲ್ಲಿ ಬಂದವರು ಅಲ್ಲಿಯ ತೆಳುಗಾಳಿಯ ವಿಚಾರ ಹೇಳಿರುವುದನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಎತ್ತರ ಏರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಸುಮಾರು 5,500 ಮೀಟರ್ ಎತ್ತರದಲ್ಲಿ ಅದು ಸಮುದ್ರಮಟ್ಟದಲ್ಲಿರುವುದರ ಅರ್ಧದಷ್ಟೇ. ಉಸಿರಿನಲ್ಲಿ ದೊರೆಯುವ ಆಮ್ಲಜನಕವೂ ಅದರಂತೆಯೇ ಕಡಿಮೆ. ಆಗ ಕಣ್ಣಿನ ಹಿಂಭಾಗದಲ್ಲಿರುವ ಅಕ್ಷಿಪಟಲದ ರಕ್ತನಾಳಗಳು ಹಿಗ್ಗುತ್ತವೆ. ಕೆಲವರಲ್ಲಿ ರಕ್ತ ಒಸರುವುದೂ ಉಂಟು. ಕೆಳಗಿಳಿದು ಬಂದ ಮೇಲೆ ಸಾಮಾನ್ಯವಾಗಿ ಅದು ವಾಸಿಯಾಗುತ್ತದೆ. ಮಡಿಕೇರಿಯ ಎತ್ತರ 1,200 ಮೀಟರಿನೊಳಗೇ ಇರುವುದರಿಂದ ನಮಗೆ ಇಲ್ಲಿ ಆ ಭಯವಿಲ್ಲ.

ಆದರೆ ಒತ್ತಡ ಮತ್ತು ಆಮ್ಲಜನಕಗಳ ಏರುಪೇರಿನಿಂದ ಕಣ್ಣಿಗೆ ಒದಗುವ ಇನ್ನೊಂದು ಅಪಾಯ ನಮ್ಮ ಮನೆಯಲ್ಲಿಯೇ ಬರಬಹುದು. ಅದು ಗರ್ಭಿಣಿಗೂ ಅವಧಿಗೆ ಮುನ್ನ ಜನಿಸಿದ ಶಿಶುವಿಗೂ ಸಂಬಂಧಿಸಿದುದು.

ಮೊದಲು ತಾಯಿಯ ವಿಚಾರ. ಗರ್ಭಧಾರಣೆಯ ಐದು ತಿಂಗಳ ನಂತರ ಕೆಲವು ಸ್ತ್ರೀಯರಲ್ಲಿ ರಕ್ತದೊತ್ತಡ 140/90ಕ್ಕೆ ಅಥವಾ ಅದಕ್ಕಿಂತ ಮೇಲಕ್ಕೆ ಏರುತ್ತದೆ. ರಕ್ತನಾಳಗಳು ಕುಗ್ಗುತ್ತವೆ. ಕಣ್ಣು ಮಂಜಾಗುವುದು, ಕಣ್ಣೆದುರು ಮಿಂಚು ಹೊಳೆದಂತಾಗುವುದು, ತೀವ್ರ ತಲೆನೋವು, ಮುಖ ಮತ್ತು ಕೈಗಳ ಬಾವು, ಹೊಟ್ಟೆಯ ಮೇಲ್ಭಾಗದ ನೋವು ಇವೆಲ್ಲ ಎಚ್ಚರಿಕೆಯ ಗುರುತುಗಳು. ತೋಟದ ಬಿಸಿಲಿನಿಂದ ಹೀಗಾಯಿತೆಂದು ಸುಮ್ಮನಿರಬಾರದು. ಒಡನೆಯೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಸೆಳವು ಬಂದು ತಾಯಿಯ ಪ್ರಾಣಕ್ಕೇ ಅಪಾಯವಾದೀತು. ಮಾಸಿನ ಮೂಲಕ ಗರ್ಭಸ್ಥ ಶಿಶುವಿಗೆ ಸೇರುವ ರಕ್ತವೂ ಇಂತಹ ಸ್ಥಿತಿಯಲ್ಲಿ ಕಡಿಮೆಯಾಗುತ್ತದೆ. ಆದುದರಿಂದ ಇಬ್ಬರನ್ನೂ ಉಳಿಸಲು ವೈದ್ಯರು ದಿನ ತುಂಬುವ ಮುನ್ನವೇ ಹೆರಿಗೆ ಮಾಡಿಸಬೇಕಾಗಬಹುದು.

ಇನ್ನು ಶಿಶುವಿನ ವಿಚಾರ. ಅಕ್ಷಿಪಟಲದ ರಕ್ತನಾಳಗಳು ಗರ್ಭದ ನಾಲ್ಕನೆಯ ತಿಂಗಳಿನಲ್ಲಿ ಬೆಳೆಯಲಾರಂಭಿಸಿ, ದಿನ ತುಂಬುವ ವೇಳೆಗೆ ಅದರ ಅಂಚನ್ನು ಮುಟ್ಟುತ್ತವೆ. ಗರ್ಭದೊಳಗೆ ಆಮ್ಲಜನಕ ಮಿತವಾಗಿರುತ್ತದೆ. ಆ ಮಿತಿಯೇ ನಾಳಗಳ ಬೆಳವಣಿಗೆಗೆ ಪ್ರೇರಣೆ. ಬೇಗ ಜನಿಸಿದ ಕೂಸಿಗೆ ಹೊರಗಿನ ಗಾಳಿಯಲ್ಲಿಯೇ ಆಮ್ಲಜನಕ ಹೆಚ್ಚು. ಉಸಿರಾಟ ಸಾಲದೆ ಯಂತ್ರದಿಂದಲೂ ಕೊಟ್ಟರೆ ಇನ್ನೂ ಹೆಚ್ಚು. ಆಗ ನಾಳಗಳ ಬೆಳವಣಿಗೆ ಅರ್ಧದಲ್ಲಿಯೇ ನಿಲ್ಲುತ್ತದೆ. ಕೆಲವು ವಾರಗಳ ಬಳಿಕ ರಕ್ತ ಸಾಲದ ಅಕ್ಷಿಪಟಲವು ಹೊಸ ನಾಳಗಳನ್ನು ಬೇಡುತ್ತದೆ. ಅವು ಅಡ್ಡಾದಿಡ್ಡಿಯಾಗಿ ಬೆಳೆದು, ರಕ್ತ ಸೋರಿ, ಅಕ್ಷಿಪಟಲವನ್ನು ಎಳೆದು ಕಳಚುತ್ತವೆ. ದೃಷ್ಟಿ ಶಾಶ್ವತವಾಗಿ ನಷ್ಟವಾಗಬಹುದು.

ಹಾಗೆಂದು ಆಮ್ಲಜನಕವನ್ನೇ ಬೇಡವೆನ್ನಬಾರದು. 1940ರ ದಶಕದಲ್ಲಿ ಪಾಶ್ಚಾತ್ಯ ದೇಶಗಳ ಆಸ್ಪತ್ರೆಗಳಲ್ಲಿ ಇಂತಹ ಶಿಶುಗಳಿಗೆ ಧಾರಾಳವಾಗಿ ಆಮ್ಲಜನಕ ಕೊಟ್ಟುದರಿಂದ ಸಾವಿರಾರು ಮಕ್ಕಳು ಕುರುಡಾದರು. 1951ರಲ್ಲಿ ಮೆಲ್ಬೋರ್ನಿನ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ ಈ ಕಾರಣವನ್ನು ಎತ್ತಿ ತೋರಿಸಿದರು. ಅನಂತರ ಆಮ್ಲಜನಕವನ್ನು ಅತಿಯಾಗಿ ಕಡಿತಗೊಳಿಸಿದಾಗ ಶಿಶುಮರಣ ಹೆಚ್ಚಿತು. ಆದುದರಿಂದಲೇ ಇಂದು ಶಿಶುವಿನ ಪಾದಕ್ಕೋ ಕೈಗೋ ಪುಟ್ಟ ಮಾಪಕವನ್ನು ಕಟ್ಟಿ, ಅಗತ್ಯವಿದ್ದಷ್ಟನ್ನೇ ಅಳೆದು ಕೊಡಲಾಗುತ್ತದೆ.

ಈ ರೋಗ ಮನೆಯವರ ಕಣ್ಣಿಗೆ ಕಾಣಿಸದು. ಕೂಸಿನ ಕಣ್ಣು ಹೊರಗಿನಿಂದ ಸ್ವಚ್ಛವಾಗಿಯೇ ಇರುತ್ತದೆ. ಕೂಸು ನೋವಿನಿಂದ ಅಳುವುದೂ ಇಲ್ಲ. ಔಷಧಿಯ ಹನಿ ಹಾಕಿ, ಪಾಪೆಯನ್ನು ಹಿಗ್ಗಿಸಿ, ತಜ್ಞರು ಒಳಗನ್ನು ನೋಡಿದರೆ ಮಾತ್ರ ತಿಳಿಯುತ್ತದೆ. ಆದುದರಿಂದ 34 ವಾರ ತುಂಬುವ ಮುನ್ನ ಜನಿಸಿದ, ಅಥವಾ 2 ಕಿಲೋಗಿಂತ ಕಡಿಮೆ ತೂಗುವ ಪ್ರತಿಯೊಂದು ಶಿಶುವಿಗೂ ಹುಟ್ಟಿದ 30 ದಿನಗಳೊಳಗೆ ಕಣ್ಣಿನ ಪರೀಕ್ಷೆ ಆಗಲೇಬೇಕು. 28 ವಾರಕ್ಕೂ ಮುನ್ನ ಹುಟ್ಟಿದ ಅಥವಾ 1,200 ಗ್ರಾಮಿಗಿಂತ ಕಡಿಮೆ ತೂಕದ ಕೂಸಿಗೆ ಎರಡು-ಮೂರು ವಾರಗಳಲ್ಲಿಯೇ ಆಗಬೇಕು. ಸಕಾಲದಲ್ಲಿ ಕಂಡರೆ ಲೇಸರ್ ಕಿರಣದಿಂದ ಅಥವಾ ಚುಚ್ಚುಮದ್ದಿನಿಂದ ದೃಷ್ಟಿಯನ್ನು ಉಳಿಸಬಹುದು.

ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗಿ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ. ದೂರದ ತಜ್ಞರು ಅದನ್ನು ನೋಡಿ ಸಲಹೆ ಕೊಡುತ್ತಾರೆ. 2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿಯೂ ಈ ರೋಗವನ್ನು ಸೇರಿಸಲಾಗಿದೆ.

ಬಾಣಂತಿ ಮತ್ತು ಕೂಸು ತಿಂಗಳು ಕಳೆಯುವವರೆಗೆ ಹೊಸ್ತಿಲು ದಾಟಬಾರದೆಂಬ ಪದ್ಧತಿ ಅನೇಕ ಮನೆಗಳಲ್ಲಿದೆ. ಅವರನ್ನು ಚಳಿಯಿಂದಲೂ ಸೋಂಕಿನಿಂದಲೂ ಕಾಪಾಡಬೇಕೆಂಬ ಹಿರಿಯರ ಉದ್ದೇಶ ಒಳ್ಳೆಯದೇ. ಆದರೆ ಈ ಕೂಸಿನ ದೃಷ್ಟಿ ಉಳಿಯುವುದು ಆ ತಿಂಗಳೊಳಗೇ. ಬೆಚ್ಚಗೆ ಹೊದಿಸಿ, ತಾಯಿಯ ಎದೆಗೆ ಅಪ್ಪಿಸಿ ಕರೆದೊಯ್ಯಿರಿ. ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ಕಟ್ಟುವ ನಾಡು ನಮ್ಮದು. ಕೊನೆಯ ದಿನದವರೆಗೆ ಕಾಯಬೇಡಿರಿ.

ಪತಿಯಾದವರಿಗೆ ಒಂದು ಮಾತು. ಪ್ರತಿ ತಪಾಸಣೆಗೂ ಪತ್ನಿಯೊಡನೆ ಹೋಗಿ, ರಕ್ತದೊತ್ತಡ ಎಷ್ಟೆಂದು ಕೇಳಿರಿ. ಶಿಶು ಬೇಗ ಜನಿಸಿದರೆ ಆಸ್ಪತ್ರೆಯಿಂದ ಹೊರಡುವ ಮುನ್ನ, ‘ಕಣ್ಣಿನ ಪರೀಕ್ಷೆ ಎಂದು, ಎಲ್ಲಿ?’ ಎಂದು ವಿಚಾರಿಸಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿರಿ. ತವರಿಗೆ ಕಳುಹಿಸುವುದಾದರೆ ಅಲ್ಲಿಯ ಆಶಾ ಕಾರ್ಯಕರ್ತೆಗೂ ಆ ದಿನವನ್ನು ತಿಳಿಸಿರಿ. ಒಮ್ಮೆ ನೋಡಿದರೆ ಮುಗಿಯಿತೆಂದು ತಿಳಿಯದೆ, ವೈದ್ಯರು ಸಾಕೆನ್ನುವವರೆಗೂ ತೋರಿಸಿರಿ. ಮುಂದಿನ ಹೆರಿಗೆಗೆ ಮೂರು ವರ್ಷಗಳ ಅಂತರವಿರಲಿ. ತಾಯಿಯ ದೇಹ ಚೇತರಿಸಿಕೊಂಡಷ್ಟೂ ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವ ತಗ್ಗುತ್ತದೆ.

ಮೂವತ್ತು ದಿನಗಳು ಬೇಗನೆ ಕಳೆದುಹೋಗುತ್ತವೆ. ನಿಮ್ಮ ಕೂಸು ಮುಂದೆ ನಿಮ್ಮ ಮುಖವನ್ನು ಕಂಡು ನಗುವಂತಾಗಲು ಆ ದಿನಗಳನ್ನು ಎಣಿಸಿಕೊಳ್ಳಿರಿ.