ಗಣಕಯಂತ್ರದ ಅಟ್ಟ

ಹಳೆಯ ಮನೆಗಳಲ್ಲಿ ಅಟ್ಟವೆಂಬುದೊಂದು ಇರುತ್ತಿತ್ತು. ಈಗಲೂ ಕೆಲವೆಡೆ ಉಂಟು. ದಿನಬಳಕೆಯ ಪಾತ್ರೆಗಳು ಅಡಿಗೆಮನೆಯಲ್ಲಿ ಕೈಗೆಟುಕುವಂತಿರುತ್ತವೆ. ಮದುವೆ ಮುಂಜಿಗಳಿಗೆ ಮಾತ್ರ ಬೇಕಾಗುವ ಕೊಪ್ಪರಿಗೆ, ಕೊಳದಪ್ಪಲೆಗಳು ಅಟ್ಟ ಸೇರುತ್ತವೆ. ಅಟ್ಟದಲ್ಲಿ ಸಾಮಾನಿದೆಯೆಂದು ಮನೆಯೊಡತಿಯನ್ನು ಯಾರೂ ಆಕ್ಷೇಪಿಸುವುದಿಲ್ಲ. ಕೆಳಗೆ ಓಡಾಡಲು ಜಾಗವಾಯಿತಲ್ಲಾ ಎಂದೇ ಸಂತೋಷ.

ಗಣಕಯಂತ್ರದಲ್ಲಿಯೂ ಇಂತಹ ಅಟ್ಟವೊಂದುಂಟು. ಅದರ ಹೆಸರು ಸ್ವಾಪ್. ಯಂತ್ರದ ಮೆಮೊರಿ ಬಹು ಚುರುಕು. ಆದರೆ ಬೆಲೆ ಹೆಚ್ಚು, ಸ್ಥಳ ಕಡಿಮೆ. ಡಿಸ್ಕಿನಲ್ಲಿ ಸ್ಥಳ ಬೇಕಾದಷ್ಟು. ಆದರೆ ಅದು ನಿಧಾನ. ಆದುದರಿಂದ ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಎಂಬ ಯಜಮಾನನು ಮೆಮೊರಿಯನ್ನು ಸಣ್ಣ ಸಣ್ಣ ಪುಟಗಳಾಗಿ ವಿಂಗಡಿಸಿಕೊಂಡು, ಬಹಳ ಹೊತ್ತು ಯಾರೂ ಮುಟ್ಟದ ಪುಟಗಳನ್ನು ಡಿಸ್ಕಿನ ಒಂದು ಮೂಲೆಗೆ ಸಾಗಿಸಿ, ಬೇಕಾದಾಗ ಮತ್ತೆ ಇಳಿಸಿಕೊಳ್ಳುತ್ತಾನೆ. ಮನೆಯ ಸಾಧಾರಣ ಗಣಕಗಳಲ್ಲಿ ಇಂತಹ ಒಂದು ಪುಟವೆಂದರೆ ಸಾಮಾನ್ಯವಾಗಿ 4096 ಬೈಟ್.

ಈ ಉಪಾಯ ನಿನ್ನೆ ಮೊನ್ನೆಯದಲ್ಲ. ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದವರೂ ಫೆರಾಂಟಿ ಕಂಪನಿಯವರೂ ಕೂಡಿ ಕಟ್ಟಿದ ಅಟ್ಲಾಸ್ ಎಂಬ ಯಂತ್ರವು 1962ರ ಡಿಸೆಂಬರ್ 7ರಂದು ಉದ್ಘಾಟನೆಯಾಯಿತು. ಟಾಮ್ ಕಿಲ್ಬರ್ನ್ ಎಂಬುವರು ಆ ಕೆಲಸದ ಮುಂದಾಳು. ಕಾಂತದ ಪುಟ್ಟ ಬಳೆಗಳಿಂದಾದ ಅದರ ಚುರುಕು ಮೆಮೊರಿಯಲ್ಲಿ 16,384 ಪದಗಳಿಗಷ್ಟೇ ಸ್ಥಳ. ಪಕ್ಕದಲ್ಲಿ ಸದಾ ತಿರುಗುತ್ತಿದ್ದ ಡ್ರಮ್ಮುಗಳಲ್ಲಿ ಅದರ ಆರರಷ್ಟು, ಎಂದರೆ 98,304 ಪದಗಳಿಗೆ ಸ್ಥಳ. ಅದಕ್ಕೆ ಮೊದಲು, ಯಾವುದನ್ನು ಯಾವಾಗ ಡ್ರಮ್ಮಿನಿಂದ ತರಬೇಕು, ಯಾವುದನ್ನು ಹಿಂದಕ್ಕೆ ಕಳಿಸಬೇಕು ಎಂಬುದನ್ನೆಲ್ಲ ಪ್ರೋಗ್ರಾಂ ಬರೆಯುವವನೇ ಲೆಕ್ಕ ಹಾಕಿ ಬರೆಯಬೇಕಾಗಿತ್ತು. ಕಿಲ್ಬರ್ನರ ತಂಡ ಆ ಹೊರೆಯನ್ನು ಯಂತ್ರದ ತಲೆಗೇ ಹೊರಿಸಿತು. ಬರೆಯುವವನಿಗೆ ಎಲ್ಲವೂ ಒಂದೇ ದೊಡ್ಡ ಉಗ್ರಾಣದಂತೆ ತೋರುತ್ತಿತ್ತು. 512 ಪದಗಳ ಪುಟವೊಂದು ಕೆಳಗೆ ಇಲ್ಲವೆಂದು ಕಂಡರೆ ಯಂತ್ರವು ಆ ಕೆಲಸವನ್ನು ತಡೆದು, ಪುಟವನ್ನು ತರಿಸಿ, ಮುಂದುವರಿಸುತ್ತಿತ್ತು. ಯಾವ ಪುಟವನ್ನು ಹೊರಗೆ ಕಳಿಸಬೇಕೆಂಬುದನ್ನೂ ಅದರ ಹಿಂದಿನ ಬಳಕೆಯನ್ನು ನೋಡಿ ತಾನೇ ನಿರ್ಧರಿಸುತ್ತಿತ್ತು. ಇಂದು ನಿಮ್ಮ ಮೇಜಿನ ಮೇಲಿನ ಯಂತ್ರ ಮಾಡುವುದೂ ಮೂಲತಃ ಇದನ್ನೇ.

ಇಷ್ಟು ತಿಳಿದೂ ನಾನೊಮ್ಮೆ ಅವಿವೇಕ ಮಾಡಿದೆ. ನನ್ನದು 4 ಗಿಗಾಬೈಟ್ ಮೆಮೊರಿಯ ಹಳೆಯ ಗಣಕ. ಅದರಲ್ಲಿ ಲಿನಕ್ಸ್ ನಡೆಯುತ್ತದೆ. ಒಂದು ದಿನ ‘ಫ್ರೀ’ ಎಂಬ ಆಜ್ಞೆ ಕೊಟ್ಟು ನೋಡಿದರೆ, ಮೆಮೊರಿಯಲ್ಲಿ ಇನ್ನೂ ಸ್ಥಳವಿದ್ದರೂ ಸ್ವಾಪಿನಲ್ಲಿ ಅರ್ಧ ಗಿಗಾಬೈಟ್ ತುಂಬಿತ್ತು. ಕೆಳಗೆ ಜಾಗವಿರುವಾಗ ಅಟ್ಟವೇಕೆ ಎಂದುಕೊಂಡು ‘ಸ್ವಾಪಾಫ್’ ಆಜ್ಞೆಯಿಂದ ಅದನ್ನು ಮುಚ್ಚಿಬಿಟ್ಟೆ. ನಾಲ್ಕಾರು ದಿನ ಎಲ್ಲವೂ ನೆಟ್ಟಗಿತ್ತು. ಆಮೇಲೊಂದು ಮಧ್ಯಾಹ್ನ, ತಂದೆಯವರ ಹಳೆಯ ಕಾಗದಗಳ ಚಿತ್ರಗಳನ್ನು ತೆರೆದು, ಹರಿದ ಭಾಗಗಳನ್ನು ಹೊಂದಿಸುತ್ತ ಕುಳಿತಿದ್ದೆ. ಮೂರು ಗಂಟೆಯ ಕೆಲಸ, ಉಳಿಸಿಟ್ಟಿರಲಿಲ್ಲ. ನಡುವೆ ಏನನ್ನೋ ಹುಡುಕಲು ಬ್ರೌಸರ್ ತೆರೆದೆ. ಯಂತ್ರ ಒಂದು ಗಳಿಗೆ ಸ್ತಬ್ಧವಾಯಿತು. ಮರುಗಳಿಗೆ ಚಿತ್ರಗಳ ಕಿಟಕಿಯೇ ಇಲ್ಲ. ಮೆಮೊರಿ ಮುಗಿದು ಬೇರೆ ದಾರಿಯಿಲ್ಲದಾಗ ಲಿನಕ್ಸ್ ಯಾವುದಾದರೊಂದು ಕೆಲಸವನ್ನು, ಸಾಧಾರಣವಾಗಿ ಎಲ್ಲಕ್ಕಿಂತ ಹೆಚ್ಚು ಸ್ಥಳ ಹಿಡಿದಿರುವುದನ್ನು, ಕೊಂದುಹಾಕುತ್ತದೆ. ಆ ವಿಭಾಗದ ಹೆಸರೇ ‘ಓಓಎಂ ಕಿಲ್ಲರ್’. ಹೆಸರಿಟ್ಟವರು ಮುಚ್ಚುಮರೆ ಮಾಡಿಲ್ಲ.

ನನ್ನ ತಪ್ಪೆಲ್ಲಿ? ಮೆಮೊರಿಯಲ್ಲಿರುವ ಪುಟಗಳು ಎರಡು ಬಗೆ. ಪ್ರೋಗ್ರಾಮಿನ ಪಾಠ, ಓದಿದ ಕಡತ, ಇವುಗಳ ಮೂಲಪ್ರತಿ ಡಿಸ್ಕಿನಲ್ಲಿ ಇದ್ದೇ ಇರುತ್ತದೆ. ಕಡತವನ್ನು ತಿದ್ದಿಲ್ಲದಿದ್ದರೆ ಇವನ್ನು ಬಿಸಾಡಿದರೂ ಮತ್ತೆ ತರಬಹುದು. ಇನ್ನೊಂದು ಬಗೆ, ಕೆಲಸದ ನಡುವೆ ಹುಟ್ಟಿದವು: ನಾನು ಹೊಂದಿಸಿದ ಚಿತ್ರ, ನೀವು ಅರ್ಧ ಬರೆದ ಪತ್ರ. ಇವಕ್ಕೆ ಬೇರೆಲ್ಲಿಯೂ ಮನೆಯಿಲ್ಲ, ಸ್ವಾಪೊಂದೇ ಗತಿ. ಅದನ್ನು ಮುಚ್ಚಿದರೆ ಇಂತಹ ಪುಟಗಳು, ಬೆಳಗಿನಿಂದ ಯಾರೂ ಮುಟ್ಟದವೂ ಸಹ, ಅಡಿಗೆಮನೆಯಲ್ಲೇ ಬಿದ್ದಿರಬೇಕು. ಆಗ ಯಜಮಾನನು ಮೊದಲ ಬಗೆಯವನ್ನೇ ಬಿಸಾಡಿ ಬಿಸಾಡಿ ಮತ್ತೆ ತರಬೇಕಾಗುತ್ತದೆ. ಆದುದರಿಂದ ಸ್ವಾಪ್ ಇಲ್ಲದ ಯಂತ್ರವೂ ಡಿಸ್ಕನ್ನು ಉಜ್ಜುತ್ತ ಏದುಸಿರು ಬಿಡುವುದುಂಟು. ಸ್ವಾಪ್ ತೆಗೆದರೆ ಯಂತ್ರ ಚುರುಕಾಗುವುದೆಂಬ ನಂಬಿಕೆ ಬಹಳ ಜನಕ್ಕಿದೆ, ನನಗೂ ಇತ್ತು.

ಹಾಗೆಂದು ಅಟ್ಟವನ್ನು ಅಡಿಗೆಮನೆಯಾಗಿಯೂ ಮಾಡಿಕೊಳ್ಳಲಾಗದು. ಮೆಮೊರಿಯಿಂದ ಒಂದು ಅಂಶ ತರಲು ಒಂದು ಸೆಕೆಂಡು ಹಿಡಿಯುವುದೆಂದು ಭಾವಿಸಿಕೊಳ್ಳಿ. ಅದೇ ಅಳತೆಯಲ್ಲಿ ಎಸ್‌ಎಸ್‌ಡಿಯಿಂದ ತರಲು ಸುಮಾರು ಕಾಲು ಗಂಟೆ ಬೇಕು; ತಿರುಗುವ ಡಿಸ್ಕಿನಿಂದಾದರೆ ಒಂದು ಹಗಲು, ಒಂದು ರಾತ್ರಿ, ಇನ್ನೂ ಸ್ವಲ್ಪ. ಒಂದೊಂದು ಒಗ್ಗರಣೆಗೂ ಸೌಟಿಗಾಗಿ ಏಣಿ ಹತ್ತಬೇಕಾದರೆ ಅಡಿಗೆ ಆದೀತೆ? ಈ ಅವಸ್ಥೆಗೆ ‘ಥ್ರ್ಯಾಷಿಂಗ್’ ಎಂದು ಹೆಸರು. ಪೀಟರ್ ಡೆನಿಂಗ್ 1968ರಲ್ಲಿ ಇದರ ಕಾರಣವನ್ನು ವಿವರಿಸಿದರು. ಪ್ರತಿಯೊಂದು ಕೆಲಸಕ್ಕೂ ಆ ಹೊತ್ತಿಗೆ ಬೇಕೇಬೇಕಾದ ಪುಟಗಳ ಒಂದು ಗುಂಪು ಇರುತ್ತದೆ. ನಡೆಯುತ್ತಿರುವ ಕೆಲಸಗಳ ಗುಂಪುಗಳೆಲ್ಲ ಸೇರಿ ಮೆಮೊರಿಯನ್ನು ಮೀರಿದರೆ, ಒಂದರ ಪುಟ ತರಲು ಇನ್ನೊಂದರ ಪುಟವನ್ನು ಕಳಿಸಬೇಕು. ಕಳಿಸಿದ್ದು ಮರುಕ್ಷಣವೇ ಬೇಕಾಗುತ್ತದೆ. ಆಗ ಲೆಕ್ಕ ಮಾಡುವ ಭಾಗ ಸುಮ್ಮನೆ ಕಾದು ಕುಳಿತಿರುತ್ತದೆ. ಹಿಂದಿನ ಕೆಲವು ವ್ಯವಸ್ಥೆಗಳು ಅದು ಬಿಡುವಾಗಿದೆಯೆಂದು ಭ್ರಮಿಸಿ ಇನ್ನೊಂದು ಕೆಲಸವನ್ನು ಒಳಗೆ ಬಿಟ್ಟುಕೊಂಡು, ಇದ್ದ ಕಷ್ಟವನ್ನು ಇಮ್ಮಡಿ ಮಾಡುತ್ತಿದ್ದವು.

ನೀವು ಗಮನಿಸಬೇಕಾದದ್ದು ಅಟ್ಟದಲ್ಲಿ ಎಷ್ಟು ತುಂಬಿದೆ ಎಂಬುದಕ್ಕಿಂತ ಏಣಿಯ ಮೇಲೆ ಎಷ್ಟು ಓಡಾಟವಿದೆ ಎಂಬುದನ್ನು. ‘ವಿಎಂಸ್ಟ್ಯಾಟ್ 1’ ಎಂದು ಆಜ್ಞೆ ಕೊಟ್ಟರೆ ಸೆಕೆಂಡಿಗೊಂದು ಸಾಲು ಬರುತ್ತದೆ. ಅದರಲ್ಲಿ ‘ಎಸ್‌ಐ’ ಎಂಬುದು ಇಳಿದು ಬರುತ್ತಿರುವ ಲೆಕ್ಕ, ‘ಎಸ್‌ಓ’ ಎಂಬುದು ಮೇಲಕ್ಕೆ ಹೋಗುತ್ತಿರುವ ಲೆಕ್ಕ. ಎರಡೂ ಸೊನ್ನೆಯ ಆಸುಪಾಸಿನಲ್ಲಿದ್ದರೆ ಸ್ವಾಪ್ ಅರ್ಧ ತುಂಬಿದ್ದರೂ ಚಿಂತೆಯಿಲ್ಲ. ಎರಡೂ ಎಡೆಬಿಡದೆ ಏರುತ್ತಿದ್ದರೆ ಸ್ವಾಪ್ ಹೆಚ್ಚಿಸಿ ಫಲವಿಲ್ಲ. ತೆರೆದ ಕೆಲಸಗಳಲ್ಲಿ ಕೆಲವನ್ನು ಮುಚ್ಚಬೇಕು, ಇಲ್ಲವೆ ಮೆಮೊರಿಯನ್ನೇ ಕೊಳ್ಳಬೇಕು.

ಮೆಮೊರಿಯ ಎರಡರಷ್ಟು ಸ್ವಾಪ್ ಇರಬೇಕೆಂಬುದು ಹಿಂದಿನವರ ಮಾತು. ಮೆಮೊರಿ ಅತ್ಯಲ್ಪವಾಗಿದ್ದ ಕಾಲಕ್ಕೆ ಅದು ಸರಿ. 64 ಗಿಗಾಬೈಟ್ ಇರುವ ಯಂತ್ರಕ್ಕೆ ಹೇಳಿದರೆ ನಗೆಪಾಟಲು. ನನ್ನಂತಹ ಸಣ್ಣ ಯಂತ್ರಕ್ಕೆ ಮೆಮೊರಿಯಷ್ಟೇ ಸ್ವಾಪ್ ಸಾಕು. ಗಣಕವನ್ನು ನಿದ್ರೆಗೆ ಕಳಿಸಿ ವಿದ್ಯುತ್ತನ್ನು ಪೂರ್ತಿ ತೆಗೆಯುವ ಅಭ್ಯಾಸವಿದ್ದರೆ, ಮೆಮೊರಿಯಲ್ಲಿದ್ದುದೆಲ್ಲ ಸ್ವಾಪಿನಲ್ಲಿಯೇ ತಂಗುವುದರಿಂದ, ಅದಕ್ಕಿಂತ ಸ್ವಲ್ಪ ಹೆಚ್ಚಿಟ್ಟುಕೊಳ್ಳುವುದು ಮೇಲು. ‘ಸ್ವಾಪಿನೆಸ್’ ಎಂಬ ಅಂಕಿಯೊಂದುಂಟು. ಸಾಮಾನ್ಯವಾಗಿ ಅದು 60. ಮೆಮೊರಿ ನೂರಕ್ಕೆ ಅರುವತ್ತು ತುಂಬಿದಾಗ ಸ್ವಾಪ್ ಶುರುವಾಗುತ್ತದೆಂದು ಹಲವರು ತಿಳಿಯುತ್ತಾರೆ, ಅದು ತಪ್ಪು. ಮೇಲೆ ಹೇಳಿದ ಎರಡು ಬಗೆಯ ಪುಟಗಳಲ್ಲಿ ಯಾವುದರ ಕಡೆಗೆ ಎಷ್ಟು ವಾಲಬೇಕೆಂಬ ತೂಕ ಅದು. ಅಂಕಿ ತಗ್ಗಿಸಿದರೆ ಯಂತ್ರ ಸ್ವಾಪನ್ನು ಕಡಿಮೆ ಬಳಸುತ್ತದೆ, ಅಷ್ಟೆ.

ಅಟ್ಟ ಕಟ್ಟಲು ಡಿಸ್ಕನ್ನು ಮತ್ತೆ ಪಾಲು ಮಾಡಬೇಕಾಗಿಲ್ಲ. ಬೇಕಾದ ಗಾತ್ರದ ಕಡತವೊಂದನ್ನು ‘ಡಿಡಿ’ಯಿಂದ ಸೃಷ್ಟಿಸಿ, ‘ಎಂಕೆಸ್ವಾಪ್’ನಿಂದ ಸಜ್ಜುಗೊಳಿಸಿ, ‘ಸ್ವಾಪಾನ್’ ಎಂದರೆ ಆಯಿತು. ಪ್ರತಿ ಸಲ ಯಂತ್ರ ಎದ್ದಾಗಲೂ ಅದು ದೊರೆಯಬೇಕಾದರೆ ‘ಎಫ್‌ಎಸ್‌ಟ್ಯಾಬ್’ ಎಂಬ ಕಡತದಲ್ಲಿ ಒಂದು ಸಾಲು ಬರೆಯಬೇಕು. ನಡುವಿನ ಒಂದು ಕೆಲಸವನ್ನು ಮಾತ್ರ ಮರೆಯಬೇಡಿ: ಆ ಕಡತವನ್ನು ವ್ಯವಸ್ಥೆಯ ಒಡೆಯನ ಹೊರತು ಮತ್ತಾರೂ ಓದದಂತೆ 600 ಎಂಬ ಅನುಮತಿ ಕೊಟ್ಟಿರಬೇಕು. ನಿಮ್ಮ ಪತ್ರಗಳೂ ಗುಪ್ತಪದಗಳೂ ತುಂಡುತುಂಡಾಗಿ ಅಲ್ಲಿ ಬಿದ್ದಿರಬಹುದು.

ನನ್ನ ಯಂತ್ರಕ್ಕೆ ಈಗ 4 ಗಿಗಾಬೈಟಿನ ಅಟ್ಟ ಮರಳಿ ಬಂದಿದೆ. ಈ ಬರಹ ಮುಗಿಸುವ ಹೊತ್ತಿಗೆ ಅದರಲ್ಲಿ ಮುಕ್ಕಾಲು ಗಿಗಾಬೈಟ್ ಸೇರಿದೆ. ಏಣಿಯ ಮೇಲೆ ಓಡಾಟವಿಲ್ಲ. ತಂದೆಯವರ ಕಾಗದಗಳಲ್ಲಿ ಹದಿನೇಳು ಮುಗಿದಿವೆ. ಅಂದು ಕಳೆದುಹೋದ ಕಾಗದವನ್ನೇ ಮೊದಲು ಹೊಂದಿಸಿದೆ.