ಎರಡನೆಯ ಪ್ರಶ್ನೆ

ಈ ವಾರ ಒಂದು ಔಷಧಿ ಅಂಗಡಿಯ ಮುಂದೆ ಕಂಡದ್ದು ಇನ್ನೂ ತಲೆಯಿಂದ ಹೋಗಿಲ್ಲ. ಯಾವ ಊರು, ಯಾವ ಅಂಗಡಿ ಎಂದು ಹೇಳುವುದಿಲ್ಲ. ಘಟ್ಟದ ಮೇಲಿನ ಒಂದು ತಾಲ್ಲೂಕು ಪೇಟೆ ಎಂದಿಟ್ಟುಕೊಳ್ಳಿ. ಒಂದೆರಡು ಗುರುತುಗಳನ್ನೂ ಬದಲಿಸಿದ್ದೇನೆ. ಇಲ್ಲದಿದ್ದರೆ ಯಾವುದನ್ನು ಮಾಡಬೇಡಿ ಎನ್ನಲು ಹೊರಟಿದ್ದೇನೋ ಅದನ್ನೇ ರೇಡಿಯೋದಲ್ಲಿ ಮಾಡಿದಂತಾಗುತ್ತದೆ.

ಸಂಜೆ ಹೊತ್ತು. ಬಿಪಿ ಮಾತ್ರೆಗೆಂದು ನಿಂತಿದ್ದೆ. ನನಗಿಂತ ಮುಂದಿದ್ದ ಹೆಣ್ಣುಮಗಳೊಬ್ಬಳು ನಾಲ್ಕು ಮಡಿಕೆ ಮಡಚಿದ ಚೀಟಿಯನ್ನು ಕೌಂಟರಿನ ಮೇಲಿಟ್ಟಳು. ಕೆಲಸಕ್ಕೆ ಹೊಸದಾಗಿ ಸೇರಿದ್ದ ಹುಡುಗ ಅದನ್ನು ಬಿಡಿಸಿ ನೋಡಿ, ಒಳಗಿದ್ದ ಮಾಲೀಕರಿಗೆ ಕೂಗಿದ: 'ಅಣ್ಣಾ, ಇದು ತಲೆ ಸರಿ ಇಲ್ದೋರಿಗೆ ಕೊಡೋ ಮಾತ್ರೆ ಅಲ್ವಾ? ಎಲ್ಲಿಟ್ಟಿದೀರಿ?' ಹುಡುಗನ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಆದರೆ ಅಲ್ಲಿ ನಿಂತಿದ್ದ ಎಲ್ಲರ ಕಿವಿಗೂ ಬಿತ್ತು. ಆಕೆ ಚೀಟಿಯನ್ನು ವಾಪಸು ತೆಗೆದುಕೊಂಡು, ಒಂದೂ ಮಾತಾಡದೆ, ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟಳು.

ಅವಳಿನ್ನೂ ರಸ್ತೆ ದಾಟಿರಲಿಲ್ಲ, ಪಕ್ಕದಲ್ಲಿದ್ದ ಯಜಮಾನರೊಬ್ಬರು ಶುರುಮಾಡಿದರು: 'ಅದು ನಮ್ಮ ಇವರ ಸೊಸೆ ಅಲ್ವೇನ್ರೀ...' ಅಷ್ಟರಲ್ಲಿ ಕೈಚೀಲ ಹಿಡಿದು ನಿಂತಿದ್ದ ವಯಸ್ಸಾದ ಅಮ್ಮ ಒಬ್ಬರು ತಟ್ಟನೆ ಬಾಯಿ ಹಾಕಿದರು: 'ಅಲ್ಲ ಮಾರಾಯ್ರೇ, ನಿಮ್ಮ ತೋಟಕ್ಕೂ ಎಲೆಚುಕ್ಕಿ ರೋಗ ಬಂತಂತೆ, ಹೌದಾ?' ಮಲೆನಾಡಿನಲ್ಲಿ ತೋಟದ ವಿಚಾರ ಕೇಳಿದಾಗ ಉತ್ತರ ಕೊಡದ ಗಂಡಸು ಇನ್ನೂ ಹುಟ್ಟಬೇಕಷ್ಟೆ. ಯಜಮಾನರು ಸೊಸೆಯನ್ನು ಅಲ್ಲೇ ಬಿಟ್ಟು, ಹೊಡೆದ ಔಷಧಿ, ಅಡಿಕೆ ಕೊನೆ ಇಳಿಸುವ ಕೊನೆಗೌಡ ಸಿಗದ ಕಷ್ಟ, ಅಡಿಕೆ ಧಾರಣೆ ಎಂದು ಹೊರಟರು. ನನ್ನ ಮಾತ್ರೆ ಕೈಗೆ ಬಂದರೂ ಅವರದು ಮುಗಿದಿರಲಿಲ್ಲ.

'ಗಡಿಗೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು' ಎನ್ನುತ್ತೇವೆ. ಚಿಕ್ಕಂದಿನಿಂದ ಕೇಳಿದ ಗಾದೆ. ಯಾರದೋ ಮನೆಯ ಸಂಗತಿ ಬೀದಿಗೆ ಬಿದ್ದ ಮೇಲೆ, ಕೈಚೆಲ್ಲಿ ಕೂತು ಹೇಳುವ ಮಾತು ಇದು. ಮಳೆ ಬಂತು, ಗಾಳಿ ಬೀಸಿತು ಎಂಬ ಹಾಗೆ, ನಮ್ಮ ಕೈಯಲ್ಲಿ ಏನಿದೆ ಎಂಬ ಧಾಟಿಯಲ್ಲಿ. ಆದರೆ ಊರಿಗೆ ಅಂತ ಬೇರೆ ಬಾಯಿ ಎಲ್ಲಿದೆ ಹೇಳಿ? ಇರುವುದು ನಿಮ್ಮದು, ನನ್ನದು, ಆ ಯಜಮಾನರದು. ಅದರಲ್ಲಿ ಒಂದನ್ನು ಆ ಅಮ್ಮ ಮುಚ್ಚಿಸಿಯೇಬಿಟ್ಟರು. ಜಗಳವಿಲ್ಲ, ಉಪದೇಶವಿಲ್ಲ. ಹುಡುಗಿ ಯಾರ ಮನೆಯವಳು ಎಂದು ಅವರಿಗೂ ಚೆನ್ನಾಗಿ ಗೊತ್ತಿತ್ತು ಅಂತಲೇ ನನ್ನ ಅನುಮಾನ.

ಊರೆಂದರೆ ಬರೀ ಬಾಯಿಯೂ ಅಲ್ಲ. ನಾನಿರುವುದು ಸಾಗರದಲ್ಲಿ. 2011ರ ಜನಗಣತಿಯಲ್ಲಿ 50,000 ದಾಟಿದ ಊರು. ಬೆಂಗಳೂರಿನಲ್ಲಿರುವ ಮಗಳು 'ಅಲ್ಲಿ ಏನಿದೆ ಅಂತ ಕೂತಿದ್ದೀರಿ ಅಪ್ಪ' ಎಂದು ಆಗಾಗ ಕೇಳುತ್ತಾಳೆ. ಏನಿಲ್ಲ? ಹತ್ತಿರದ ಹೆಗ್ಗೋಡಿನಂಥ ಹಳ್ಳಿಯಲ್ಲಿ 1949ರಲ್ಲಿ ನೀನಾಸಂ ಎಂಬ ನಾಟಕ ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದರೆ, ನಮ್ಮ ಮನೆಯಲ್ಲಿ ಉಂಡೆದ್ದು ಎಲೆಅಡಿಕೆ ಹಾಕಿಕೊಂಡವರ ಹೆಸರನ್ನು ಆಮೇಲೆ ಕೇಳಿ ತಿಳಿಯುವುದೂ ಉಂಟು. ನಮ್ಮ ಕೇರಿಯಲ್ಲಿ ಸಾವಾದಾಗ ನೋಡಿದ್ದೇನೆ: ಮನೆಯವರು ಅಳುವುದನ್ನು ನಿಲ್ಲಿಸುವುದರೊಳಗೆ ಬಿದಿರು, ಕಟ್ಟಿಗೆ ಎಲ್ಲ ಬಂದಿರುತ್ತದೆ. ಯಾರು ತಂದರು ಎಂದು ಯಾರೂ ಹೇಳುವುದಿಲ್ಲ.

ಕೊರತೆಗಳೂ ಇವೆ. ಎದೆನೋವು ಜೋರಾದರೆ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್, ಇಲ್ಲವೇ ಘಟ್ಟ ಇಳಿದು ಮಣಿಪಾಲ. ಓದಿದ ಹುಡುಗರು ರೈಲು ಹತ್ತಿ ಹೋದರೆ ಹಬ್ಬಕ್ಕೇ ತಿರುಗಿ ಬರುವುದು. ಆದರೆ ದಾರಿಯ ಕೊರತೆ ಎಂದಾದರೂ ತೀರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಶರಾವತಿ ಹಿನ್ನೀರು ನಮ್ಮ ತಾಲ್ಲೂಕನ್ನೇ ಸೀಳಿತು. ಆಚೆ ದಡದವರು ಪೇಟೆಗೆ ಬರಲು ಲಾಂಚಿಗೆ ಕಾದು ಕಾದು ತಲೆಮಾರು ಕಳೆದರು. 2025ರ ಜುಲೈನಲ್ಲಿ ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ 2.44 ಕಿಲೋಮೀಟರಿನ ಸೇತುವೆ ಆಯಿತು. ಅರವತ್ತು ವರ್ಷ ತಡ, ಆದರೂ ಆಯಿತು. ಸಣ್ಣ ಊರಿನಲ್ಲಿ ಒಬ್ಬರಿಗೆ ತಮ್ಮ ಕಷ್ಟವನ್ನು ತಮ್ಮಲ್ಲೇ ಇಟ್ಟುಕೊಳ್ಳಲು ಜಾಗವಿಲ್ಲ ಎಂಬ ಕೊರತೆಯಿದೆಯಲ್ಲ, ಅದಕ್ಕೆ ಯಾವ ಇಂಜಿನಿಯರ್ ಬರಬೇಕು?

ಮನಸ್ಸಿನ ಕಾಯಿಲೆಗೆ ಊರಿನ ಹತ್ತಿರವೇ ಚಿಕಿತ್ಸೆ ಕೊಡಬಹುದು ಎಂದು ನಿಮ್ಹಾನ್ಸ್‌ನವರು 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುವ ಏರ್ಪಾಡೂ ಆಯಿತು. ದೊಡ್ಡ ಕೆಲಸ. ಆದರೆ ಮಂಗಳವಾರ ಆ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತರೆ, ಬುಧವಾರಕ್ಕೆ ಊರಿಗೆಲ್ಲ ಗೊತ್ತು. ಹಾಗಾಗಿ ಕೈಲಾದವರು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗುತ್ತಾರೆ, ಮಾತ್ರೆಯನ್ನೂ ಅಲ್ಲೇ ಕೊಳ್ಳುತ್ತಾರೆ. ಆಗದವರು ಮಾತ್ರೆ ಬಿಡುತ್ತಾರೆ. ರೋಗಿಯ ವಿಷಯ ಗುಟ್ಟಾಗಿರಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ, ನಿಜ. ಔಷಧಿ ಅಂಗಡಿಯ ಮುಂದೆ ನಿಂತ ನಮ್ಮನ್ನು ಯಾವ ಕಾಯ್ದೆ ಹಿಡಿಯುತ್ತದೆ? 2022ರಿಂದ ಟೆಲಿಮಾನಸ್ ಎಂಬ ಸಹಾಯವಾಣಿ ಇದೆ, 14416. ಫೋನಿಗೆ ಬೆಂಚಿಲ್ಲವಲ್ಲ, ಅದಕ್ಕೇ ನೆನಪಿನಿಂದ ಹೇಳಿದೆ.

ನಮ್ಮ ಕಡೆ ದಾರಿಯಲ್ಲಿ ಎದುರಾದವರನ್ನು 'ಎಲ್ಲಿಗೆ ಹೊರಟ್ರಿ?' ಎಂದು ಕೇಳುತ್ತೇವೆ. 'ಇಲ್ಲೇ, ಪೇಟೆಗೆ' ಎಂದರೆ ಸಾಕು. ಕೇಳಿದವರಿಗೂ ಅಷ್ಟೇ ಬೇಕು. ನೀವು ಕಂಡಿರಿ, ನಾನೂ ಕಂಡೆ ಎಂದಷ್ಟೇ ಅದರ ಲೆಕ್ಕ. ಕೆಡುವುದು ಎರಡನೆಯ ಪ್ರಶ್ನೆಯಿಂದ: 'ಪೇಟೇಲಿ ಎಲ್ಲಿಗೆ? ಆಸ್ಪತ್ರೆಗಾ? ಯಾರಿಗೆ ಹುಷಾರಿಲ್ಲ?' ಕಾಳಜಿಯಿಂದ ಕೇಳಿದೆ ಎನ್ನುವವರ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ, ಕ್ಷಮಿಸಿ. ಕಾಳಜಿ ಇದ್ದವರು ಆ ಮನೆಗೆ ಹೋಗಿ ಮಗುವನ್ನು ಒಂದು ಗಳಿಗೆ ನೋಡಿಕೊಳ್ಳುತ್ತಾರೆ, ಒಂದು ಪಾತ್ರೆ ಸಾರು ಕೊಟ್ಟು ಬರುತ್ತಾರೆ. ರಸ್ತೆಯಲ್ಲಿ ನಿಲ್ಲಿಸಿ ವಿಚಾರಣೆ ಮಾಡುವುದಿಲ್ಲ.

ಹಾಗಂತ ಮೊದಲ ಪ್ರಶ್ನೆಯನ್ನೂ ಬಿಟ್ಟು ಬದುಕಲು ನನ್ನಿಂದಾಗದು. ಮಗಳ ಅಪಾರ್ಟ್‌ಮೆಂಟಿಗೆ ಹೋಗಿದ್ದಾಗ, ಲಿಫ್ಟಿನಲ್ಲಿ ಸಿಕ್ಕ ಎದುರುಮನೆಯವರನ್ನು 'ಎಲ್ಲಿಗೆ ಹೊರಟ್ರಿ?' ಎಂದು ಕೇಳಿಬಿಟ್ಟೆ. ಅವರು ಗಾಬರಿಯಿಂದ ತಮ್ಮ ಬ್ಯಾಗು ಗಟ್ಟಿ ಹಿಡಿದುಕೊಂಡರು. 'ಅಪ್ಪ, ಇಲ್ಲಿ ಹಾಗೆಲ್ಲ ಕೇಳಬಾರದು' ಎಂದಳು ಮಗಳು. ಒಂದು ಪ್ರಶ್ನೆ ಕೇಳಬಹುದು ಎಂದು ನಾನು, ಒಂದೂ ಬೇಡ ಎಂದು ಅವಳು. ಫೋನ್ ಮಾಡಿದಾಗಲೆಲ್ಲ ಇದೇ ವಾದ ನಡೆದಿದೆ.