ವಯಸ್ಸಾದರೆ ತಪ್ಪೇನು?



ಸಾಲ್ಮಿಯಾದ ರಸ್ತೆಗಳಲ್ಲಿ ಬೊಟಾಕ್ಸ್, ಫಿಲ್ಲರ್, ಲೈಪೊಸಕ್ಷನ್ ಎಂಬ ಕ್ಲಿನಿಕ್ಕುಗಳ ಬೋರ್ಡುಗಳನ್ನು ನಾವೆಲ್ಲ ನೋಡುತ್ತೇವೆ. ಇದು ಬೇರೆಯವರ ವಿಷಯ ಎನ್ನುವಂತಿಲ್ಲ. 2022ರ ಮೇ 16ರಂದು ಕನ್ನಡ ಧಾರಾವಾಹಿ ನಟಿ ಚೇತನಾ ರಾಜ್, ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಸೇರಿ, ಅಂದೇ ತೀರಿಕೊಂಡರು. ಆಗ ಅವರಿಗೆ ಬರೀ 21 ವರ್ಷ. ಮಗಳು ತಮಗೆ ಹೇಳದೆ ಹೋಗಿದ್ದಳು ಎಂದು ಹೆತ್ತವರು ಗೋಳಾಡಿದರು.

ಪ್ಲಾಸ್ಟಿಕ್ ಸರ್ಜರಿಯೇ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ, ಇಂಗ್ಲಿಷರ ಎತ್ತಿನಗಾಡಿ ಹೊಡೆಯುತ್ತಿದ್ದ ಕವಾಸ್‌ಜಿಗೆ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದ ಸಂಗತಿ 1794ರಲ್ಲೇ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಸುಟ್ಟಗಾಯ, ಅಪಘಾತ, ಸೀಳುತುಟಿ ಇವಕ್ಕೆಲ್ಲ ಇಂದಿಗೂ ಅದು ವರವೇ. ಆದರೆ ವಯಸ್ಸಾಗುವುದು ಗಾಯವಲ್ಲ!

ನಲವತ್ತೈದರ ಗಂಡಸಿನ ತಲೆ ನರೆತರೆ "ಅನುಭವಸ್ಥರು" ಎನ್ನುತ್ತಾರೆ. ಅದೇ ವಯಸ್ಸಿನ ಹೆಂಗಸಿಗೆ "ಏನ್ರೀ, ಇಷ್ಟು ಬೇಗ ವಯಸ್ಸಾಗಿಹೋಯ್ತಲ್ಲ, ದಪ್ಪ ಬೇರೆ ಆಗಿದ್ದೀರಿ" ಎಂಬ ಮಾತು. ಹಬ್ಬದ ಕೂಟದಲ್ಲಿ ನಗುತ್ತ ಆಡಿದ ಈ ಮಾತು ಮನೆಗೆ ಹೋದ ಮೇಲೂ ಕೊರೆಯುತ್ತದೆ. ಕ್ಲಿನಿಕ್ಕಿನ ಜಾಹೀರಾತಿಗೆ ದಾರಿ ಮಾಡಿಕೊಡುವುದು ಇಂಥ ಮಾತುಗಳೇ.

ಬೊಟಾಕ್ಸಿನ ಪರಿಣಾಮ ಸುಮಾರು ಮೂರು ನಾಲ್ಕು ತಿಂಗಳು. ಆಮೇಲೆ ಮತ್ತೆ ಸೂಜಿ, ಮತ್ತೆ ದಿನಾರು. ನಮ್ಮ ಸಾಫ್ಟ್‌ವೇರಿನವರ ಭಾಷೆಯಲ್ಲಿ ಇದು ಮುಗಿಯದ ಮೇಂಟೆನೆನ್ಸ್ ಕಾಂಟ್ರಾಕ್ಟು! ಇನ್ನು ಲೈಪೊಸಕ್ಷನ್ ಬೊಜ್ಜಿನ ಕಾಯಿಲೆಗೆ ಮದ್ದಲ್ಲ. ಅಲ್ಲಲ್ಲಿ ಸೇರಿಕೊಂಡ ಕೊಬ್ಬನ್ನಷ್ಟೇ ತೆಗೆಯುತ್ತದೆ. ಅರಿವಳಿಕೆಯ ಅಪಾಯ, ರಕ್ತಸ್ರಾವ, ಕೊಬ್ಬಿನ ಕಣ ಶ್ವಾಸಕೋಶಕ್ಕೆ ಸೇರಿ ಪ್ರಾಣಕ್ಕೇ ಕುತ್ತಾಗುವ ಸಂಭವ ಇವೆಲ್ಲ ಇದ್ದೇ ಇವೆ.

ಆದರೂ ಮಾಡಿಸಿಕೊಳ್ಳುವುದು ಅವರವರ ಇಷ್ಟ. ಅಂಥವರು ಮೂರು ವಿಷಯ ವಿಚಾರಿಸಲಿ: ವೈದ್ಯರಿಗೂ ಕ್ಲಿನಿಕ್ಕಿಗೂ ಆರೋಗ್ಯ ಸಚಿವಾಲಯದ ಪರವಾನಗಿ ಇದೆಯೇ? ಅರಿವಳಿಕೆ ತಜ್ಞರು ಇರುತ್ತಾರೆಯೇ? ಪರಿಸ್ಥಿತಿ ಕೈಮೀರಿದರೆ ಐ.ಸಿ.ಯು. ಎಲ್ಲಿ? ಮನೆಯವರಿಗೆ ಹೇಳಿಯೇ ಹೋಗಲಿ. ಬೈಯುತ್ತಾರೆಂಬ ಭಯವಿಲ್ಲದೆ ಹೇಳಿಕೊಳ್ಳುವಂಥ ಮನೆ ನಮ್ಮದಾಗಿರಲಿ.

ಬಂಧುಗಳೇ, ಇದಕ್ಕೆ ಚಂದಾ ಎತ್ತಬೇಕಿಲ್ಲ, ಸಮಿತಿ ರಚಿಸಬೇಕಿಲ್ಲ. ಇಂದಿನ ಊಟದ ಪಂಕ್ತಿಯಿಂದಲೇ ಶುರುಮಾಡೋಣ. ಅಕ್ಕನನ್ನೋ ಅತ್ತಿಗೆಯನ್ನೋ ಕಂಡಾಗ ತೂಕ, ಬಣ್ಣ, ನರೆಕೂದಲಿನ ಮಾತು ಬಿಟ್ಟು "ಹೇಗಿದ್ದೀರಿ, ಏನು ಸಮಾಚಾರ?" ಎಂದು ಕೇಳೋಣ. ನಮ್ಮ ಹೆಣ್ಣುಮಕ್ಕಳು ಅದನ್ನು ಕೇಳಿಸಿಕೊಂಡೇ ಬೆಳೆಯುತ್ತಾರೆ.